ಪೀಂ ಅಂದರೆ ಸಾಲದು: ಒಂದು ಸಾದಾ ಮಲ್ಟಿಮೀಟರ್, ಒಂದು ಹಳೇ ಬೈಕು

ಈ ಆಟೋರೇಂಜ್ (ಅಳತೆಯ ಮಿತಿಯನ್ನು ತಾನೇ ಆರಿಸಿಕೊಳ್ಳುವ) ಮಲ್ಟಿಮೀಟರ್ ಕೊಂಡು 8 ತಿಂಗಳಾಯಿತು. ಕೊಂಡಿದ್ದೇ ನನ್ನ ಹಳೇ ಪಾಯಿಂಟ್ ಇಗ್ನಿಶನ್ ಬೈಕಿಗಾಗಿ (ಪಾಯಿಂಟ್ ಅಂದರೆ ತೆರೆದು ಮುಚ್ಚಿ ಕಾಯಿಲ್ಲಿನ ಕರೆಂಟು ಕಡಿಯುವ ಪುಟ್ಟ ಸ್ವಿಚ್). ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತಿತ್ತು, 20 ನಿಮಿಷ ಓಡಿದ ಮೇಲೆ ಮಿಸ್ ಹೊಡೆದು ನಿಂತುಬಿಡುತ್ತಿತ್ತು. ಅರ್ಧ ಗಂಟೆ ಆರಲು ಬಿಟ್ಟರೆ ಮತ್ತೆ ಹೊರಡುತ್ತಿತ್ತು. ಪ್ಲಗ್, ಕಂಡೆನ್ಸರ್, ಕೊನೆಗೆ ಪ್ಲಗ್ಗಿಗೆ ಕಿಡಿ ಹೊಡೆಸುವ ಕಾಯಿಲ್ಲನ್ನೂ ಬದಲಿಸಿದ್ದೆ. ಮೂರೂ ದಂಡ.

ಮೊದಲು ಮೀಟರನ್ನು ಕಂಟಿನ್ಯುಟಿಗೆ (ಸಂಪರ್ಕವಿದ್ದರೆ ಪೀಂ ಅನ್ನುವ ಪರೀಕ್ಷೆ) ಇಟ್ಟು ಕೀ ಸ್ವಿಚ್ಚಿನ ಎರಡೂ ತುದಿ ಮುಟ್ಟಿಸಿದೆ. ಪೀಂ ಅಂತು. ವೈರಿಂಗ್ ಸರಿಯಿದೆ ಅಂದುಕೊಂಡು ಎರಡು ವಾರ ಕಳೆದೆ. ಆದರೆ ಆ ಪರೀಕ್ಷೆಯಲ್ಲಿ ಮೀಟರು ಹರಿಸುವುದು ತೀರಾ ಸಣ್ಣ ಕರೆಂಟು. ಪಾಯಿಂಟ್ ಮುಚ್ಚಿದಾಗ 3 ಓಮಿನ ಕಾಯಿಲ್ 12 ವೋಲ್ಟಿಗೆ ಎಳೆಯುವುದು 4 ಆಂಪಿಯರ್! ಸವೆದ ಕಾಂಟ್ಯಾಕ್ಟಿನ ಅರ್ಧ ಓಮ್ ತಡೆಗೂ ಮೀಟರು ಪೀಂ ಅನ್ನುತ್ತದೆ, ಆದರೆ ಅಷ್ಟು ಕರೆಂಟು ಹರಿದಾಗ ಅದೇ ತಡೆ ವೋಲ್ಟು ತಿಂದುಹಾಕುತ್ತದೆ. ತಡೆ ಅಳೆಯುವ ಓಮಿಗೆ ಇಟ್ಟರೂ ಗೊಂದಲವೇ, ಏಕೆಂದರೆ ಇದರ ವೈರುಗಳನ್ನು ಒಂದಕ್ಕೊಂದು ತಾಗಿಸಿದರೇ 0.3 ತೋರಿಸುತ್ತದೆ.

ದಾರಿ ಸಿಕ್ಕಿದ್ದು ಡಿಸಿ ವೋಲ್ಟಿಗೆ ತಿರುಗಿಸಿದಾಗ. ಬೈಕು ನಿಂತ ತಕ್ಷಣ, ಕಿಕ್ಕರನ್ನು ಮೆಲ್ಲಗೆ ಒತ್ತಿ ಪಾಯಿಂಟ್ ಮುಚ್ಚುವಂತೆ ಮಾಡಿ, ಕೀ ಆನ್ ಇಟ್ಟೇ ಅಳೆದೆ. ಬ್ಯಾಟರಿಯಲ್ಲಿ 12.4, ಕಾಯಿಲ್ಲಿನ ಪ್ಲಸ್ ತುದಿಯಲ್ಲಿ 10.1. ನಡುವೆ 2.3 ವೋಲ್ಟು ಎಲ್ಲಿ ಹೋಯಿತು? ಫ್ಯೂಸಿನ ಎರಡು ಬದಿಗೆ ಪ್ರೋಬ್ (ಮೀಟರಿನ ವೈರಿನ ಮೊನೆ) ಇಟ್ಟೆ: 0.1. ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿಗೆ: 0.2. ಕೀ ಸ್ವಿಚ್ಚಿಗೆ: 1.9. ಸ್ವಿಚ್ಚಿನ ಹಿಂಭಾಗ ಮುಟ್ಟಿದರೆ ಬೆಚ್ಚಗಿತ್ತು. ಬಿಚ್ಚಿದರೆ ಹಿತ್ತಾಳೆಯ ತುಂಡು ಕಪ್ಪಾಗಿ ಸುಟ್ಟಿತ್ತು. (ಹೀಗೆ ಅಳೆಯುವಾಗ ಕೀ ಆನ್ ಇಟ್ಟು ಹೆಚ್ಚು ಹೊತ್ತು ಬಿಡಬೇಡಿ, ಕಾಯಿಲ್ ಬಿಸಿಯಾಗುತ್ತದೆ.) ಸ್ವಿಚ್ ಬದಲಿಸಿದೆ. ಈಗ ಕಾಯಿಲ್ಲಿಗೆ 12.1 ತಲುಪುತ್ತಿದೆ, ಬೈಕು ಒಮ್ಮೆಯೂ ನಿಂತಿಲ್ಲ.

ಮೀಟರಿನ ವೋಲ್ಟೇಜ್ ಅಳತೆಯ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ. ಬೇಸರವಿರುವುದು ಬೇರೆಡೆ. 15 ನಿಮಿಷಕ್ಕೆ ತಾನೇ ಆಫ್ ಆಗುತ್ತದೆ, ನನ್ನ ದೋಷ ಕಾಣಿಸುವುದೇ 20ಕ್ಕೆ! ಸೆಲೆಕ್ಟ್ ಬಟನ್ ಒತ್ತಿ ಹಿಡಿದು ಆನ್ ಮಾಡಿದರೆ ಆ ಕಾಟವಿಲ್ಲ ಎಂಬುದು ಕೈಪಿಡಿಯ ಕೊನೆಯ ಪುಟದ ಸಣ್ಣಕ್ಷರದಲ್ಲಿದೆ. ಕನಿಷ್ಠ-ಗರಿಷ್ಠ ಹಿಡಿದಿಡುವ ಸೌಲಭ್ಯವಿಲ್ಲ, ಆದ್ದರಿಂದ ಕ್ಷಣಮಾತ್ರದ ಕುಸಿತ ಕಣ್ಣಿಗೆ ಬೀಳುವುದಿಲ್ಲ. ಇಂಜಿನ್ ಓಡುತ್ತಿರುವಾಗ ಪ್ಲಗ್ ವೈರಿನ ಹತ್ತಿರ ಹಿಡಿದರೆ ಅಂಕಿಗಳು ಕುಣಿಯುತ್ತವೆ. ಪ್ರೋಬಿನ ವೈರು ಗಡುಸು, ಕೈಬಿಟ್ಟರೆ ಜಾರುತ್ತದೆ. ಮೊಸಳೆ ಕ್ಲಿಪ್ಪು ಡಬ್ಬದಲ್ಲೇ ಇರಬೇಕಿತ್ತು, ಬೇರೆಯಾಗಿ ಕೊಂಡೆ.

ಒಂದು ಎಚ್ಚರಿಕೆ. ಪ್ಲಗ್ ಕಡೆಯ ಸ್ಪಾರ್ಕನ್ನು ಇದರಲ್ಲಿ ಅಳೆಯಲು ಹೋಗಲೇಬೇಡಿ. ಇದರ ಮಿತಿ 600 ವೋಲ್ಟು, ಅಲ್ಲಿರುವುದು ಸಾವಿರಗಟ್ಟಲೆ. ಅದಕ್ಕೆ ಸ್ಪಾರ್ಕ್ ಟೆಸ್ಟರ್ ಬೇರೆಯೇ ಇದೆ.

5ಕ್ಕೆ 4 ಕೊಡುತ್ತೇನೆ. ಪಾಯಿಂಟ್ ಇಗ್ನಿಶನ್ ಬೈಕು ಇಟ್ಟುಕೊಂಡವರು ಹೊಸ ಕಾಯಿಲ್ ಕೊಳ್ಳುವ ಮೊದಲು ಇಂಥದ್ದೊಂದನ್ನು ಕೊಳ್ಳಿ.