ವಿಮೆನ್ಸ್ ರಗ್ಬಿ ಸೆವೆನ್ಸ್ ಚಾಲೆಂಜರ್: ನಮ್ಮ ಕಬಡ್ಡಿ ಹುಡುಗಿಯರ ಜೊತೆ ಕೂತು ನೋಡಿದ್ಮೇಲೆ ನನ್ನ ರಿವ್ಯೂ

ದಾವಣಗೆರೆಲಿ ಕೂತು ರಗ್ಬಿ ನೋಡ್ತೀನಿ ಅಂದ್ರೆ ಎಲ್ರೂ ಮೊದ್ಲು ಕೇಳೋದು "ಅದೇ ಅಮೆರಿಕದವ್ರು ಹೆಲ್ಮೆಟ್ ಹಾಕ್ಕೊಂಡು ಆಡ್ತಾರಲ್ಲ, ಅದಾ?" ಅಂತ. ಅದಲ್ರಿ. ಇದ್ರಲ್ಲಿ ಹೆಲ್ಮೆಟ್ಟೂ ಇಲ್ಲ, ಭುಜಕ್ಕೆ ದೊಡ್ಡ ಪ್ಯಾಡೂ ಇಲ್ಲ, ಮುಂದಕ್ಕೆ ಚೆಂಡು ಎಸೆಯೋ ಹಂಗಿಲ್ಲ, ಎಸೆದ್ರೆ ಹಿಂದಕ್ಕೆ ಇಲ್ಲಾ ಪಕ್ಕಕ್ಕೆ. ಅದ್ರಲ್ಲೂ ನಾನು ಹೇಳ್ತಿರೋದು ಸೆವೆನ್ಸ್, ಒಂದು ಟೀಮಿಗೆ ಏಳು ಜನ, ಏಳು ನಿಮಿಷದ ಎರಡು ಹಾಫ್, ನಡುವೆ ಎರಡು ನಿಮಿಷ ಬ್ರೇಕ್, ಟೀ ಆರೋದ್ರೊಳಗೆ ಮ್ಯಾಚ್ ಮುಗಿದಿರುತ್ತೆ. ಇನ್ನೂ ಸರಿಯಾಗಿ ಹೇಳ್ಬೇಕಂದ್ರೆ ಇದು ರಗ್ಬಿಯ ಜಾಗತಿಕ ಸಂಸ್ಥೆ ವರ್ಲ್ಡ್ ರಗ್ಬಿಯವ್ರು 2025ರ ತನಕ ನಡೆಸ್ತಿದ್ದ ಮಹಿಳೆಯರ ಎರಡನೇ ದರ್ಜೆ ಟೂರ್ನಿ, ಚಾಲೆಂಜರ್ ಸೀರೀಸ್ ಅಂತ. ನ್ಯೂಜಿಲೆಂಡ್, ಆಸ್ಟ್ರೇಲಿಯಾ ಆಡೋ ದೊಡ್ಡ ಸರ್ಕ್ಯೂಟ್ ಅಲ್ಲ, ಅದ್ರ ಕೆಳಗಿನ ಮೆಟ್ಟಿಲು. ನಾನು ಸಂಜೆ ಹೊತ್ತು ನಮ್ಮ ಏರಿಯಾ ಹುಡುಗಿಯರಿಗೆ ಕಬಡ್ಡಿ ಹೇಳ್ಕೊಡ್ತೀನಿ, ಅವ್ರ ಜೊತೆ ಕೂತು ಎರಡೂ ದರ್ಜೆಯ ಮ್ಯಾಚ್ ನೋಡಿದೀನಿ, ನನ್ನ ಅಭಿಪ್ರಾಯ ಮೊದ್ಲೇ ಹೇಳಿಬಿಡ್ತೀನಿ: ಮೈಕೈ ತಾಕೋ ಆಟ ಆಡೋ ಹೆಣ್ಮಕ್ಕಳಿಗೆ ಮೇಲಿನ ಸರ್ಕ್ಯೂಟಿಗಿಂತ ಈ ಎರಡನೇ ದರ್ಜೆನೇ ನೋಡೋಕೆ ಚೆಂದ, ಕಲಿಯೋಕಂತೂ ಇನ್ನೂ ಚೆಂದ.

ಯಾಕೆ ಅಂದ್ರೆ ಮೇಲಿನ ಹಂತದಲ್ಲಿ ಎಲ್ಲಾ ಅಷ್ಟು ನುಣುಪಾಗಿ ನಡೆದುಹೋಗುತ್ತೆ. ಸೀಸನ್ ಟೈಟಲ್ ಬಹುತೇಕ ನ್ಯೂಜಿಲೆಂಡಿಗೋ ಆಸ್ಟ್ರೇಲಿಯಾಕ್ಕೋ ಹೋಗುತ್ತೆ, ಅವ್ರ ಪಾಸು ಎಲ್ಲಿಂದ ಬಂತು ಎಲ್ಲಿಗೆ ಹೋಯ್ತು ಅಂತ ಗೊತ್ತಾಗೋದ್ರೊಳಗೆ ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡನ್ನ ನೆಲಕ್ಕೆ ಊರೋದು) ಆಗಿರುತ್ತೆ. ಚಾಲೆಂಜರ್‌ನಲ್ಲಿ ಹಂಗಲ್ಲ. 2024ರ ಪಟ್ಟಿ ನೋಡ್ರಿ: ಚೀನಾ, ಕೀನ್ಯಾ, ಅರ್ಜೆಂಟೀನಾ, ಪೋಲೆಂಡ್, ಬೆಲ್ಜಿಯಂ, ಚೆಕ್, ಹಾಂಕಾಂಗ್, ಥಾಯ್ಲೆಂಡ್, ಉಗಾಂಡಾ, ಮೆಕ್ಸಿಕೊ, ಪೆರಗ್ವೆ, ಪಪುವಾ ನ್ಯೂಗಿನಿ. ಇದ್ರಲ್ಲಿ ರಗ್ಬಿಗೆ ಹೆಸರಾದ ದೇಶ ಅಂತ ಎಷ್ಟು ಅದಾವೆ ಹೇಳಿ. ಇಲ್ಲಿ ಟ್ಯಾಕಲ್, ಅಂದ್ರೆ ಹಿಡಿದು ಕೆಡವೋದು, ತಪ್ಪುತ್ತೆ, ತಪ್ಪಿದ್ದು ಯಾಕೆ ಅಂತ ಕಣ್ಣಿಗೆ ಕಾಣುತ್ತೆ, ಅದೇ ಹುಡುಗಿ ಎದ್ದು ಮೂವತ್ತು ಮೀಟರ್ ಓಡಿಹೋಗಿ ಹಿಂದಿನಿಂದ ಹಿಡೀತಾಳೆ, ಅದೂ ಕಾಣುತ್ತೆ. ತಪ್ಪು ಕಾಣೋ ಆಟದಿಂದ ಕಲಿಯೋದು ಜಾಸ್ತಿ. ಇದು ನನ್ನ ಗಟ್ಟಿ ನಂಬಿಕೆ.

ಕಬಡ್ಡಿಲೂ ಏಳು ಜನ, ಇಲ್ಲೂ ಏಳು ಜನ. ಇದನ್ನ ಹೇಳಿದ್ದೇ ತಡ ನಮ್ಮ ಹುಡುಗಿಯರಿಗೆ ಅರ್ಧ ಆಟ ತಿಳೀತು. ಪ್ರೊ ಕಬಡ್ಡಿಲಿ ಹಳದಿ ಕಾರ್ಡ್ ಅಂದ್ರೆ ಎರಡು ನಿಮಿಷ ಹೊರಗೆ, ಸೆವೆನ್ಸ್‌ನಲ್ಲೂ ಅಷ್ಟೇ ಎರಡು ನಿಮಿಷ, ಆದ್ರೆ ಹದಿನಾಲ್ಕು ನಿಮಿಷದ ಆಟದಲ್ಲಿ ಎರಡು ನಿಮಿಷ ಆರು ಜನ ಆಡೋದು ಅಂದ್ರೆ ಏನು ಅಂತ ಲೆಕ್ಕ ಹಾಕ್ರಿ, ಅಷ್ಟು ಹೊತ್ತಿನಲ್ಲಿ ಎರಡು ಟ್ರೈ ಬಿದ್ದುಹೋಗ್ಬಹುದು, ಮೈದಾನ ಏನ್ ಚಿಕ್ಕದಾ, ಹದಿನೈದು ಜನ ಆಡೋ ಅದೇ ಪೂರ್ತಿ ಮೈದಾನ, ನೂರು ಮೀಟರ್ ಉದ್ದ. ನಮ್ಮ ಕಾರ್ನರ್ ಆಡೋ ಹುಡುಗಿ ಒಬ್ಳು ಒಂದು ಪ್ರಶ್ನೆ ಕೇಳಿದ್ಳು, ಅದೇ ಈ ಆಟದ ಗುಟ್ಟು: "ಮಿಸ್, ಹಿಡಿದ್ಮೇಲೆ ಯಾಕೆ ಬಿಟ್ಟುಬಿಡ್ತಾರೆ?" ಕಬಡ್ಡಿಲಿ ರೈಡರನ್ನ ಹಿಡಿದ್ರೆ ಸೀಟಿ ಊದೋ ತನಕ ಬಿಡೋ ಮಾತೇ ಇಲ್ಲ. ಇಲ್ಲಿ ಕೆಡವಿದ ತಕ್ಷಣ ಕೈ ಬಿಡ್ಬೇಕು, ಪಕ್ಕಕ್ಕೆ ಉರುಳ್ಬೇಕು, ಬಿದ್ದವಳು ಚೆಂಡು ಬಿಡ್ಬೇಕು, ಆಮೇಲೆ ಕಾಲ ಮೇಲೆ ನಿಂತವ್ರು ಮಾತ್ರ ಚೆಂಡಿಗೆ ಕೈ ಹಾಕ್ಬಹುದು. ಹಂಗಾಗಿ ಹಿಡಿಯೋದಕ್ಕಿಂತ ಹಿಡಿದು ಎಷ್ಟು ಬೇಗ ಎದ್ದು ನಿಲ್ತೀಯ ಅನ್ನೋದೇ ದೊಡ್ಡದು. ಕೀನ್ಯಾ ಹುಡುಗಿಯರು ಏಳೋದನ್ನ ನೋಡ್ಬೇಕು ನೀವು. ಬಿದ್ದ ಮೊಣಕಾಲು ನೆಲಕ್ಕೆ ತಾಗೋದ್ರೊಳಗೆ ಇನ್ನೊಂದು ಕಾಲು ಊರಿ ಆಗಿರುತ್ತೆ, ಕಣ್ಣು ಆಗ್ಲೇ ಚೆಂಡಿನ ಮೇಲೆ.

ಡ್ಯಾಶ್ ಇಲ್ಲಿ ನಡೆಯಲ್ಲ, ಅದನ್ನೂ ಹೇಳ್ಬೇಕು. ಎದೆ ಭುಜ ಕೊಟ್ಟು ಗೆರೆ ಆಚೆ ತಳ್ಳೋದು ನಮ್ಮಲ್ಲಿ ಒಳ್ಳೆ ಪಾಯಿಂಟು, ಇಲ್ಲಿ ಕೈ ಸುತ್ತದೆ ಬರೀ ಭುಜದಿಂದ ಗುದ್ದಿದ್ರೆ ಪೆನಾಲ್ಟಿ. ಭುಜದಿಂದ ಮೇಲೆ ಹಿಡಿದ್ರೂ ಪೆನಾಲ್ಟಿ, ಜೋರಾಗಿದ್ರೆ ಕಾರ್ಡ್. ನಮ್ಮ ಥೈ ಹೋಲ್ಡ್ ಇದೆಯಲ್ಲ, ಅದೇ ಇಲ್ಲಿಯ ಒಳ್ಳೆ ಟ್ಯಾಕಲ್‌ಗೆ ಹತ್ರ: ಸೊಂಟದ ಕೆಳಗೆ ಭುಜ ಒತ್ತಿ, ಎರಡೂ ಕೈ ಸುತ್ತಿ ಬಿಗಿ ಮಾಡಿ, ತಲೆ ಮಾತ್ರ ಎದುರಾಳಿಯ ಹಿಂಬದಿಗೆ ಇರ್ಬೇಕು, ಮುಂದೆ ಬಂದ್ರೆ ಅವಳ ಮೊಣಕಾಲು ನೇರ ಕಪಾಳಕ್ಕೆ. ಸ್ಲೋ ಮೋಷನ್‌ನಲ್ಲಿ ಇದನ್ನ ನಿಲ್ಲಿಸಿ ನಿಲ್ಲಿಸಿ ತೋರಿಸಿದ್ಮೇಲೆ ನಮ್ಮ ಹುಡುಗಿಯರು ಕಬಡ್ಡಿಲೂ ತಲೆ ಎಲ್ಲಿಡ್ಬೇಕು ಅಂತ ನೋಡ್ಕೊಳ್ಳೋಕೆ ಶುರು ಮಾಡಿದ್ರು, ಹತ್ತು ಸಲ ಬಾಯಲ್ಲಿ ಹೇಳಿದ್ರೂ ಆಗದೇ ಇದ್ದಿದ್ದು. ಬರೀ ಇದಕ್ಕಾಗೇ ನಾನು ಈ ಟೂರ್ನಿಗೆ ಋಣಿ.

ಇನ್ನೊಂದು ಮಜಾ ಏನಂದ್ರೆ ಟ್ರೈ ಆದ್ಮೇಲಿನ ಕಿಕ್ಕು. ಟ್ರೈಗೆ ಐದು ಪಾಯಿಂಟು, ಕನ್ವರ್ಷನ್, ಅಂದ್ರೆ ಗೋಲ್ ಕಂಬದ ನಡುವೆ ಒದೆಯೋ ಆ ಕಿಕ್ಕಿಗೆ ಎರಡು, ಅದೂ ಸೆವೆನ್ಸ್‌ನಲ್ಲಿ ಚೆಂಡು ಕೈಯಿಂದ ಬಿಟ್ಟು ನೆಲಕ್ಕೆ ಪುಟಿದ ಕೂಡ್ಲೇ ಒದೀಬೇಕು. ಎಲ್ಲಿ ಚೆಂಡು ಊರ್ತಾರೋ ಅದ್ರ ನೇರಕ್ಕೆ ಹಿಂದೆ ಬಂದು ಒದೀಬೇಕಾದ್ರಿಂದ ಮೂಲೆಲಿ ಗೆರೆ ದಾಟಿದವಳು ಅಲ್ಲೇ ಊರಲ್ಲ, ಕಂಬದ ಕಡೆ ಓಡ್ತಾಳೆ, ಕೋನ ಸುಲಭ ಆಗ್ಲಿ ಅಂತ. ಅಷ್ಟರಲ್ಲಿ ಹಿಂದಿನಿಂದ ಯಾರಾದ್ರೂ ಬಂದು ಹಿಡಿದು ಚೆಂಡು ಬೀಳಿಸಿದ್ರೆ ಐದೂ ಹೋಯ್ತು ಎರಡೂ ಹೋಯ್ತು. ಆಗ ನಮ್ಮ ರೂಮಲ್ಲಿ ಎದ್ದ ಕಿರುಚಾಟಕ್ಕೆ ಪಕ್ಕದ ಮನೆಯವ್ರು ಬಂದು ಇಣುಕಿ ಹೋದ್ರು. ಬೋನಸ್ ಆಸೆಗೆ ಹೋಗಿ ಸಿಕ್ಕಿಬೀಳೋ ರೈಡರ್ ನೋಡಿದವ್ರಿಗೆ ಇದು ಬಿಡಿಸಿ ಹೇಳೋದೇ ಬೇಡ.

ಇನ್ನು ಸರ್ವಿಸ್ ವಿಷ್ಯ. ನೋಡೋಕೆ ದುಡ್ಡು ಕೊಡ್ಬೇಕಿಲ್ಲ. ವರ್ಲ್ಡ್ ರಗ್ಬಿಯವ್ರದ್ದೇ ರಗ್ಬಿಪಾಸ್ ಟಿವಿ ಅಂತ ಐತೆ, ಇಮೇಲ್ ಹಾಕಿ ಫ್ರೀಯಾಗಿ ಅಕೌಂಟ್ ಮಾಡ್ಕೊಂಡ್ರೆ ಸಾಕು, ಹಳೇ ಹೈಲೈಟ್ಸ್ ಯೂಟ್ಯೂಬ್‌ನಲ್ಲೂ ಸಿಗ್ತಾವೆ. ಟೈಮು ನಮ್ಗೆ ಚೆನ್ನಾಗೇ ಹೊಂದುತ್ತೆ: ಮ್ಯಾಚ್ ನಡೆದ ಊರುಗಳಲ್ಲಿ ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಕೇಪ್‌ಟೌನ್ ಮೂರೂವರೆ ಗಂಟೆ, ಪೋಲೆಂಡಿನ ಕ್ರಾಕೋವ್ ಬೇಸಿಗೇಲಿ ಅದೂ ಮೂರೂವರೆ ಗಂಟೆ, ಹಂಗಾಗಿ ಮಧ್ಯಾಹ್ನ ಊಟ ಮಾಡಿ ಕೂತ್ರೆ ರಾತ್ರಿ ಊಟಕ್ಕೆ ಏಳ್ಬಹುದು, ನಡುವೆ ಮಂಡಕ್ಕಿ ಮಿರ್ಚಿಗೆ ಟೈಮ್ ಸಿಗುತ್ತೆ. ಉರುಗ್ವೆಯ ಮಾಂಟೆವಿಡಿಯೊ ಒಂದೇ ಕಷ್ಟ, ಅಲ್ಲಿ ಮಧ್ಯಾಹ್ನ ಹನ್ನೆರಡು ಅಂದ್ರೆ ಇಲ್ಲಿ ರಾತ್ರಿ ಎಂಟೂವರೆ, ಫೈನಲ್ ಹೊತ್ತಿಗೆ ನಡುರಾತ್ರಿ ಆಗುತ್ತೆ, ಹುಡುಗಿಯರನ್ನ ಅಷ್ಟೊತ್ತು ಕೂರಿಸೋಕಾಗಲ್ಲ, ಮರುದಿನ ರಿಪ್ಲೇನೇ ಗತಿ. ಕನ್ನಡ ಕಾಮೆಂಟರಿ ಇಲ್ಲ. ಪ್ರೊ ಕಬಡ್ಡಿಗೆ ಕನ್ನಡದಲ್ಲಿ ಕೇಳಿ ರೂಢಿಯಾದವ್ರಿಗೆ ಇದು ದೊಡ್ಡ ಕೊರತೆನೇ, ನಾನು ಪಕ್ಕದಲ್ಲಿ ಕೂತು "ಈಗ ಚೆಂಡು ಮುಂದೆ ಜಾರ್ತು, ಅದಕ್ಕೆ ಸ್ಕ್ರಮ್ಮು, ಅಂದ್ರೆ ಎರಡೂ ಕಡೆಯವ್ರು ಭುಜ ಕೊಟ್ಟು ಚೆಂಡಿಗಾಗಿ ತಳ್ಳಾಡೋದು, ಮೂರು ಮೂರು ಜನ ಮಾತ್ರ" ಅಂತ ಹೇಳ್ತಾನೇ ಇರ್ಬೇಕು. ಏರಿಯಾದ ನೆಟ್ಟು ಒಂದೊಂದು ಸಲ ಕ್ವಾರ್ಟರ್ ಫೈನಲ್ ನಡುವೇನೇ ಕೈಕೊಡುತ್ತೆ, ಮೊಬೈಲ್ ಹಾಟ್‌ಸ್ಪಾಟ್ ರೆಡಿ ಇಟ್ಕೊಳ್ರಿ.

ಈಗ ನನಗೆ ನಿಜವಾಗ್ಲೂ ಬೇಜಾರಿರೋ ವಿಷ್ಯಕ್ಕೆ ಬರ್ತೀನಿ, ಅದು ಟೂರ್ನಿಯ ಕಟ್ಟು. 2022ರಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ನಡೆದಾಗ ಸರಳ ಇತ್ತು, ಜಪಾನ್ ಗೆದ್ರು, ಮೇಲಿನ ಸರ್ಕ್ಯೂಟಿಗೆ ಹೋದ್ರು. 2023ರಲ್ಲಿ ಸ್ಟೆಲೆನ್‌ಬಾಷ್‌ನಲ್ಲಿ ದಕ್ಷಿಣ ಆಫ್ರಿಕಾ ಗೆದ್ರು, ಹೋದ್ರು. 2024ರಿಂದ ಲೆಕ್ಕ ಬದಲಾಯ್ತು: ಜನವರಿಲಿ ದುಬೈ, ಮಾರ್ಚ್‌ನಲ್ಲಿ ಮಾಂಟೆವಿಡಿಯೊ, ಮೇನಲ್ಲಿ ಕ್ರಾಕೋವ್, ಮೂರು ಕಡೆ ಆಡಿ ಮೊದಲ ನಾಲ್ಕರಲ್ಲಿ ಬಂದವ್ರು ಮ್ಯಾಡ್ರಿಡ್‌ಗೆ ಹೋಗಿ ಮೇಲಿನ ಸರ್ಕ್ಯೂಟಿನ ಕೊನೇ ನಾಲ್ಕು ಟೀಮಿನ ಜೊತೆ ಪ್ಲೇ ಆಫ್ ಆಡ್ಬೇಕಿತ್ತು. ಚೀನಾ ಇಡೀ ಸೀಸನ್ ಮೇಲೆ ಇತ್ತು, 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಿದ್ದೂ ಅವ್ರೇ, ಆದ್ರೂ ಮ್ಯಾಡ್ರಿಡ್‌ನಲ್ಲಿ ಒಂದು ಕೆಟ್ಟ ಮಧ್ಯಾಹ್ನ ಆಗಿದ್ರೆ ಇಡೀ ಸೀಸನ್ ದುಡಿಮೆ ನೀರಲ್ಲಿ ಹೋಮ. ಅವ್ರು ಗೆದ್ದು ಮೇಲೆ ಹೋದ್ರು ಅನ್ನಿ. ಕೆಳಗೆ ಇಳಿದವ್ರು ಯಾರು? ಹಿಂದಿನ ವರ್ಷ ಖುಷಿಯಿಂದ ಮೇಲೆ ಹತ್ತಿದ್ದ ದಕ್ಷಿಣ ಆಫ್ರಿಕಾನೇ. 2025ರಲ್ಲಿ ಕೇಪ್‌ಟೌನ್‌ನ ಆತ್ಲೋನ್ ಸ್ಟೇಡಿಯಂನಲ್ಲಿ, ತಮ್ಮ ಊರ ಜನರ ಮುಂದೆ, ಮತ್ತೆ ಚಾಲೆಂಜರ್‌ನಿಂದ ಶುರು. ನೋಡೋರಿಗೆ ಪ್ಲೇ ಆಫ್ ಬೆಂಕಿ, ಒಪ್ತೀನಿ, ಆದ್ರೆ ಸೀಸನ್ ಟಾಪರ್‌ಗೆ ನೇರ ಬಡ್ತಿ ಕೊಟ್ಟು ಉಳಿದವ್ರಿಗೆ ಪ್ಲೇ ಆಫ್ ಇಟ್ಟಿದ್ರೆ ನ್ಯಾಯ ಇರ್ತಿತ್ತು.

ಅದಕ್ಕಿಂತ ಬೇಜಾರಿನ ಸಂಗತಿ 2025-26ರ ಬದಲಾವಣೆ. ಮೇಲಿನ ಹಂತ ಹನ್ನೆರಡು ಟೀಮಿಂದ ಎಂಟಕ್ಕೆ ಇಳೀತು, ಎರಡನೇ ಹಂತಕ್ಕೆ ಆರೇ ಟೀಮು, ಚಾಲೆಂಜರ್ ಅಂತ ಇದ್ದಿದ್ದು ಮೂರನೇ ಹಂತ ಆಯ್ತು. ಎರಡನೇ ಹಂತಕ್ಕೆ ನೈರೋಬಿ, ಮಾಂಟೆವಿಡಿಯೊ, ಸಾವೊ ಪಾಲೊ ಅಂತ ಊರು ಹಾಕ್ಯಾರೆ, ನೈರೋಬಿಗೆ ಕೊಟ್ಟಿದ್ದು ನನಗೆ ಬಹಳ ಖುಷಿ, ಅಲ್ಲಿಯ ಜನ ಸೆವೆನ್ಸ್ ಅಂದ್ರೆ ಪ್ರಾಣ ಬಿಡ್ತಾರೆ. ಆದ್ರೆ ಹನ್ನೆರಡು ದೇಶದ ಹುಡುಗಿಯರು ಮೂರು ಖಂಡ ಸುತ್ತಿ ಆಡ್ತಿದ್ದ ಜಾಗದಲ್ಲಿ ಈಗ ಆರು ಟೀಮು. ಮೂರನೇ ಹಂತಕ್ಕೆ ದುಬೈನಲ್ಲಿ ಒಂದೇ ಟೂರ್ನಿ. ಉಗಾಂಡಾ, ಪೆರಗ್ವೆ, ಪಪುವಾ ನ್ಯೂಗಿನಿ ಥರದ ಟೀಮಿಗೆ ವರ್ಷಕ್ಕೆ ಒಂದು ವಾರಾಂತ್ಯ ಸಿಕ್ಕಿದ್ರೆ ಅವ್ರು ಬೆಳೆಯೋದು ಹೆಂಗೆ? ಆಡಿದ್ರೆ ತಾನೇ ಆಟ ಬರೋದು. ಖರ್ಚು ಉಳಿಸೋಕೆ ಮಾಡ್ಯಾರೆ ಅಂತ ಕಾಣುತ್ತೆ, ಆದ್ರೆ ಕೆಳಗಿನ ಮೆಟ್ಟಿಲು ಕಿರಿದು ಮಾಡಿದ್ರೆ ಮುಂದೆ ಮೇಲೆ ಹತ್ತೋರು ಯಾರು?

ನಮ್ಮ ದೇಶದ ಟೀಮ್ ಎಲ್ಲಿ ಅಂತ ಹುಡುಗಿಯರು ಕೇಳೇ ಕೇಳ್ತಾರೆ. ಏಷ್ಯಾದಲ್ಲೂ ಮೇಲಿನ ಸೀರೀಸ್ ಬೇರೆ, ಅದ್ರ ಕೆಳಗೆ ಟ್ರೋಫಿ ಅಂತ ಬೇರೆ ಐತೆ, ನಾವು ಆ ಟ್ರೋಫಿ ಹಂತದಲ್ಲಿ ಗುದ್ದಾಡ್ತಾ ಇದ್ವಿ, 2022ರಲ್ಲಿ ಜಕಾರ್ತದಲ್ಲಿ ಬೆಳ್ಳಿ ಬಂತು. ಹಾಂಗ್‌ಝೌನಲ್ಲಿ ಜಪಾನ್, ಹಾಂಕಾಂಗ್ ಎದುರು ದೊಡ್ಡ ಅಂತರದಲ್ಲಿ ಸೋತ್ವಿ. ಆ ಹಾಂಕಾಂಗ್ ಟೀಮ್ ಚಾಲೆಂಜರ್‌ನಲ್ಲಿ ಎಷ್ಟು ಒದ್ದಾಡುತ್ತೆ ಅಂತ ನೋಡಿದ್ರೆ ನಮ್ಮ ದಾರಿ ಎಷ್ಟು ಉದ್ದ ಅನ್ನೋದು ತಿಳಿಯುತ್ತೆ. ಆದ್ರೆ ಆಗದ ಮಾತೇನಲ್ಲ. 2019ರಲ್ಲಿ ಮನಿಲಾದಲ್ಲಿ ಹದಿನೈದು ಜನರ ಆಟದಲ್ಲಿ ಭಾರತದವ್ರು ಸಿಂಗಪುರವನ್ನ 21-19ರಲ್ಲಿ ಸೋಲಿಸಿದ್ರಲ್ಲ, ಕೊನೇ ಹೊತ್ತಿನ ಆ ಪೆನಾಲ್ಟಿ ಒದ್ದ ಸುಮಿತ್ರಾ ನಾಯಕ್ ಒಡಿಶಾದ ಬುಡಕಟ್ಟು ಮಕ್ಕಳ ವಸತಿ ಶಾಲೆಲಿ ಬೆಳೆದ ಹುಡುಗಿ. ಒಡಿಶಾ, ಬಿಹಾರ, ಬಂಗಾಳದ ಟೀ ತೋಟದ ಕಡೆಯಿಂದ ಹುಡುಗಿಯರು ಬರ್ತಾ ಅದಾರೆ. ಕುಸ್ತಿಗೆ ಹೆಸರಾದ ಊರು ನಮ್ದು, ಜಾತ್ರೆ ಅಖಾಡದಲ್ಲಿ ಪಟ್ಟು ನೋಡ್ಕೊಂಡೇ ಬೆಳೆದವ್ರು ನಾವು, ನಮ್ಮ ಹೆಣ್ಮಕ್ಕಳಿಗೆ ಈ ಆಟ ಯಾಕೆ ಬರಬಾರ್ದು?

ರೇಟಿಂಗ್ ಕೇಳಿದ್ರೆ ಆಟಕ್ಕೆ ಐದಕ್ಕೆ ಐದು, ಟೂರ್ನಿಯ ಕಟ್ಟಿಗೆ ಎರಡೂವರೆ, ನೋಡೋ ಅನುಕೂಲಕ್ಕೆ ನಾಲ್ಕು, ಒಂದು ಕಡಿಮೆ ಕೊಟ್ಟಿದ್ದು ಕನ್ನಡ ಇಲ್ಲ ಅಂತ. ಹೊಸಬ್ರು 2024ರ ಕ್ರಾಕೋವ್‌ನಿಂದ ಶುರು ಮಾಡ್ರಿ, ಪೋಲೆಂಡಿನ ಮ್ಯಾಚಿಗೆ ಊರವ್ರ ಕೂಗು ಕೇಳೋಕೇ ಚೆಂದ. ಮೊದಲ ಮ್ಯಾಚಲ್ಲಿ ಚೆಂಡಿನ ಹಿಂದೆ ಕಣ್ಣು ಓಡಿಸ್ಬೇಡಿ, ಡಿಫೆನ್ಸ್ ಲೈನಿನ ಒಬ್ಬ ಹುಡುಗಿನ ಹಿಡ್ಕೊಂಡು ಅವಳನ್ನೇ ಏಳು ನಿಮಿಷ ನೋಡ್ರಿ, ಕಬಡ್ಡಿ ಕವರ್ ಕಾರ್ನರ್ ಹೆಂಗೆ ಜೊತೆಜೊತೆಗೆ ಸರೀತಾರೋ ಹಂಗೇ ಇಲ್ಲೂ ಸರೀತಾರೆ, ಆಟ ತಾನಾಗೇ ಬಿಚ್ಕೊಳ್ಳುತ್ತೆ. ನಿಟ್ಟುವಳ್ಳಿ, ವಿದ್ಯಾನಗರ, ಪಿ.ಜೆ. ಬಡಾವಣೆ ಕಡೆ ಹುಡುಗಿಯರಿಗೆ ಕಬಡ್ಡಿನೋ ಕುಸ್ತಿನೋ ಹೇಳ್ಕೊಡೋರು ಇದ್ರೆ ಇಲ್ಲೇ ಒಂದು ಮಾತು ಹಾಕ್ರಿ, ಮುಂದಿನ ಟೂರ್ನಿ ಎಲ್ರೂ ಸೇರಿ ನೋಡೋಣ, ಪ್ರೊಜೆಕ್ಟರ್ ನಾನ್ ತರ್ತೀನಿ, ಕರೆಂಟ್ ಪಾಯಿಂಟ್ ಇರೋ ಒಂದು ಹಾಲ್ ನೀವು ನೋಡಿ ಇಡ್ರಿ.