ಟಾಯ್ಲೆಟ್ ಪೈಪಿನಲ್ಲಿ ಮರದ ಪುಡಿ: 110 ಎಂಎಂ ಎಸ್‌ಡಬ್ಲ್ಯೂಆರ್ ಪೈಪ್, ಒಂದು ಮಳೆಗಾಲ ಬಳಸಿದ ಮೇಲೆ

ತೀರ್ಥಹಳ್ಳಿ ಕಡೆ ಮರಗೆಲಸದ ಶೆಡ್ ಇಟ್ಟುಕೊಂಡವರಿಗೆ ಗೊತ್ತು, ಜೂನ್ ಬಂತೆಂದರೆ ಬಾಗಿಲು ಹಾಕಿಕೊಂಡೇ ಕೆಲಸ. ತೆರೆದರೆ ಎರಚಲು ಒಳಗೆ ಬಂದು ಹಲಗೆ ಹಾಳು, ಹಾಕಿದರೆ ಧೂಳೆಲ್ಲ ನಮ್ಮ ಮೂಗಿಗೆ. ನಮ್ಮ ದೊಡ್ಡಪ್ಪ ಹೀಗೇ ಬಾಗಿಲು ಹಾಕಿಕೊಂಡು ನಲವತ್ತು ವರ್ಷ ಬೀಟೆ, ಹಲಸು ಕೀಸಿದವರು. ಅವರ ಕೆಮ್ಮು ಕೇಳುತ್ತಲೇ ನಾನು ಬೆಳೆದಿದ್ದು. ಮರದ ಧೂಳು ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1995ರಲ್ಲೇ ಪಟ್ಟಿಗೆ ಸೇರಿಸಿದೆ. ಹಾಗಾಗಿ ಈ ಸಲ ಮಳೆ ಹಿಡಿಯುವ ಮೊದಲೇ 1 ಎಚ್‌ಪಿ ಡಸ್ಟ್ ಕಲೆಕ್ಟರ್, ಅಂದರೆ ಧೂಳು ಎಳೆದು ಬಟ್ಟೆ ಚೀಲಕ್ಕೆ ತುಂಬುವ ಮೆಷಿನ್ ತಂದೆ.

ಮೆಷಿನ್ ಸುಲಭ. ಕಷ್ಟ ಶುರುವಾಗುವುದು ಗರಗಸ, ಸ್ಯಾಂಡರ್‌ಗಳಿಂದ ಅದಕ್ಕೆ ಧೂಳು ತರುವ ಪೈಪಿನಲ್ಲಿ.

ಎಲ್ಲರೂ "ನಾಲ್ಕಿಂಚು" ಅನ್ನುತ್ತಾರೆ. ಯಾವ ನಾಲ್ಕಿಂಚು? ನಮ್ಮ ಪಿವಿಸಿ ಪೈಪಿನಲ್ಲಿ 63, 75, 90, 110 ಎಂಎಂ ಎಲ್ಲವೂ ಹೊರಗಿನ ಅಳತೆ, ಅಂಗಡಿಯಲ್ಲಿ 110ಕ್ಕೇ ನಾಲ್ಕಿಂಚು ಅನ್ನುವುದು. ಆದರೆ ನನ್ನ ಮೆಷಿನ್ನಿನ "ನಾಲ್ಕಿಂಚು" ಬಾಯಿಗೆ ವರ್ನಿಯರ್ ಹಿಡಿದರೆ ಹೊರಗೆ ಬರೀ 100 ಎಂಎಂ. ಮೊದಲು ಆನ್‌ಲೈನ್‌ನಲ್ಲಿ ಒಂದು ಅಡಾಪ್ಟರ್ ತರಿಸಿದ್ದೆ, ಅದು ಮೆಷಿನ್ನಿಗೂ ಕೂರಲಿಲ್ಲ, ಪೈಪಿಗೂ ಕೂರಲಿಲ್ಲ. ಅಳತೆ ಒಳಗಿನದೋ ಹೊರಗಿನದೋ ಅಂತಲೇ ಬರೆದಿರಲಿಲ್ಲ. ಅಂಥದ್ದಕ್ಕೆ ದುಡ್ಡು ಹಾಕಬೇಡಿ.

ಆಮೇಲೆ ಬಸ್ ಹತ್ತಿ ಶಿವಮೊಗ್ಗಕ್ಕೆ ಹೋದೆ, ಬ್ಯಾಗಿನಲ್ಲಿ ಹೋಸಿನ ತುಂಡು, ವರ್ನಿಯರ್, ಮೆಷಿನ್ ಬಾಯಿಯ ಅಳತೆಗೆ ಕೊರೆದ ಮರದ ಬಿಲ್ಲೆ. ಬಿ.ಎಚ್. ರಸ್ತೆ ಕಡೆ ಅಡಿಕೆ ತೋಟದವರು ಹೋಗುವ ಒಂದು ಪೈಪ್ ಅಂಗಡಿ. ಅಲ್ಲಿನ ಹಿರಿಯರು ಕೇಳಿದ ಮೊದಲ ಮಾತೇ "ಪೀಸ್ ತಂದಿದ್ದೀರಾ ಸಾರ್?" ಬಿಲ್ಲೆ ಕೈಗೆ ಕೊಟ್ಟೆ. ಅರ್ಧ ಗಂಟೆ ನನ್ನ ಜೊತೆ ನಿಂತು ಒಂದೊಂದೇ ಫಿಟಿಂಗ್ ಇಳಿಸಿ ಕೂರಿಸಿ ನೋಡಿದರು, ಗಿರಾಕಿ ಕಾಯುತ್ತಿದ್ದರೂ ಬೇಜಾರು ಮಾಡಿಕೊಳ್ಳಲಿಲ್ಲ. ಇದು ಯಾವ ಆನ್‌ಲೈನ್‌ನಲ್ಲೂ ಸಿಗುವುದಿಲ್ಲ.

ಅವರು ಕೊಟ್ಟಿದ್ದು ಎಸ್‌ಡಬ್ಲ್ಯೂಆರ್ ಪೈಪ್, ಅಂದರೆ ಟಾಯ್ಲೆಟ್ಟಿಗೆ, ಮಳೆನೀರಿಗೆ ಹಾಕುವ ಪೈಪ್. ಅದರಲ್ಲಿ ಎ ಟೈಪ್ ತೆಳು, ಬಿ ಟೈಪ್ ದಪ್ಪ. ನಮ್ಮ ಕೆಲಸಕ್ಕೆ ಎ ಟೈಪ್ ಸಾಕು, ಹಗುರ, ತೊಲೆಗೆ ತೂಗುಹಾಕಲು ಸುಲಭ. ನನ್ನ ಮೆಷಿನ್ನಿನ ಎಳೆತಕ್ಕೆ ಎಲ್ಲೂ ಕುಗ್ಗಿಲ್ಲ. ರಿಂಗ್ ಫಿಟ್ ಕೇಳಿ ತೆಗೆದುಕೊಳ್ಳಿ, ಪೇಸ್ಟ್ ಹಚ್ಚುವುದು ಬೇಡವೇ ಬೇಡ. ರಬ್ಬರ್ ರಿಂಗಿಗೆ ಸ್ವಲ್ಪ ಸೋಪಿನ ನೀರು ಸವರಿ ಒತ್ತಿದರೆ ಕೂರುತ್ತದೆ. ನಾಳೆ ಮೆಷಿನ್ ಜಾಗ ಬದಲಾದರೆ ಬಿಚ್ಚಬಹುದು ಅಲ್ವಾ.

ಇನ್ನು ಹೊಂದದ ಅಳತೆಗಳನ್ನು ಹೊಂದಿಸಿದ್ದು. ಎ ಟೈಪ್ ಪೈಪಿನ ಒಳಗೆ 105 ಚಿಲ್ಲರೆ, ಮೆಷಿನ್ ಬಾಯಿ 100. ಸಂದು ಇದ್ದೇ ಇರುತ್ತದೆ. ಬಾಯಿಗೆ ಹಳೇ ಸೈಕಲ್ ಟ್ಯೂಬ್ ಸೀಳಿ ಎರಡು ಸುತ್ತು ಸುತ್ತಿದೆ. ಪೈಪ್ ಗಟ್ಟಿ ಇರುವುದರಿಂದ ಮೇಲೆ ಸುಮ್ನೆ ಕ್ಲಿಪ್ ಬಿಗಿದರೆ ಹಿಡಿಯುವುದಿಲ್ಲ. ಅದಕ್ಕೆ ಪೈಪಿನ ತುದಿಯಲ್ಲಿ ಹ್ಯಾಕ್ಸಾದಿಂದ ಎರಡಿಂಚು ಉದ್ದಕ್ಕೆ ನಾಲ್ಕು ಸೀಳು ಹಾಕಿ, ಬಾಯಿಯ ಮೇಲೆ ಏರಿಸಿ, ಹೋಸ್ ಕ್ಲಿಪ್ ಬಿಗಿದೆ. ಸೀಳು ಮುಚ್ಚಿಕೊಂಡು ಒಳಗಿನ ಟ್ಯೂಬನ್ನು ಕಚ್ಚಿ ಹಿಡಿಯುತ್ತದೆ. ನಾಲ್ಕು ತಿಂಗಳಾಯಿತು, ಅಲುಗಿಲ್ಲ.

ಟೇಬಲ್ ಸಾ (ಮೇಜಿನ ಗರಗಸ) ಬಾಯಿಗೆ ತೋಟಕ್ಕೆ ಹಾಕುವ 63ರ ಪೈಪ್ ಹಾಗೇ ಕೂತಿತು, ಅದೃಷ್ಟ. ಮರ ಉಜ್ಜುವ ಸ್ಯಾಂಡರಿನ ಹೋಸಿಗೆ ಮಾತ್ರ ಯಾವ ರಿಡ್ಯೂಸರೂ (ದೊಡ್ಡ ಅಳತೆಯಿಂದ ಸಣ್ಣದಕ್ಕೆ ಇಳಿಸುವ ಫಿಟಿಂಗ್) ಆಗಲಿಲ್ಲ. ಹಲಸಿನ ಮರದಲ್ಲಿ ಹೋಸಿನ ತುದಿಯ ಅಳತೆಗೆ ಒಂದು ಗೂಟ ಕಡೆದೆ. 40ರ ಪೈಪಿನ ತುದಿಯನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಮುಳುಗಿಸಿ ಗೂಟಕ್ಕೆ ಒತ್ತಿ ತಣ್ಣೀರು ಹುಯ್ದೆ. ಪಿವಿಸಿ ಸುಮಾರು 80 ಡಿಗ್ರಿಗೆಲ್ಲ ಮೆತ್ತಗಾಗುತ್ತದೆ, ಬೆಂಕಿಗೆ ಹಿಡಿಯುವ ಅಗತ್ಯವೇ ಇಲ್ಲ. ಕರಟಿದರೆ ಆಮ್ಲದ ಹೊಗೆ ಬರುತ್ತದೆ, ಧೂಳಿಗಿಂತ ಅದು ಕೆಟ್ಟದ್ದು.

ಒಂದು ಮಾತು ನೆನಪಿಡಿ, ಅಳತೆ ಸಣ್ಣದು ಮಾಡುವುದನ್ನು ಗರಗಸ, ಸ್ಯಾಂಡರ್‌ಗಳ ಹತ್ತಿರವೇ ಮಾಡಿ, ಕಲೆಕ್ಟರ್ ಹತ್ತಿರ ಅಲ್ಲ. 63ರ ಪೈಪಿನ ಒಳಗಿನ ಜಾಗ 110ರದ್ದರ ಸುಮಾರು ಮೂರನೇ ಒಂದು ಪಾಲು ಮಾತ್ರ. ಕಲೆಕ್ಟರ್ ಪಕ್ಕದಲ್ಲೇ ರಿಡ್ಯೂಸರ್ ಹಾಕಿದರೆ ಮುಂದಿನ ಎಲ್ಲದಕ್ಕೂ ಗಾಳಿ ಕಡಿಮೆ.

ಪೈಪ್ ಜೋಡಿಸುವಾಗ ಟೀ, ಅಂದರೆ T ಆಕಾರದ ನೇರ ಮೂಲೆಯ ಫಿಟಿಂಗ್ ಹಾಕಿ ತಪ್ಪು ಮಾಡಿದೆ. ಜುಲೈನಲ್ಲಿ ಸರಿಯಾಗಿ ಒಣಗದ ಹಲಸನ್ನು ಪ್ಲೇನರಿಗೆ (ಹಲಗೆ ಕೀಸುವ ಮೆಷಿನ್) ಕೊಟ್ಟ ದಿನ ಹಸಿ ಸಿಪ್ಪೆಯೆಲ್ಲ ಆ ಮೂಲೆಯಲ್ಲಿ ಗಡ್ಡೆ ಕಟ್ಟಿತು. ಈಗ ಟೀ ತೆಗೆದು ವೈ (Y ಆಕಾರದ್ದು) ಮತ್ತು 45 ಡಿಗ್ರಿ ಬೆಂಡ್ ಹಾಕಿದ್ದೇನೆ, ತಿರುವು ನಿಧಾನವಾದ ಮೇಲೆ ಕಟ್ಟಿಕೊಂಡಿಲ್ಲ. ಟಾಯ್ಲೆಟ್ ಪೈಪಿನ ನಿಜವಾದ ಲಾಭ ನನಗೆ ಕಂಡಿದ್ದು ಇಲ್ಲೇ: ಡೋರ್ ಬೆಂಡ್, ಡೋರ್ ವೈ ಅಂತ ಸಿಗುತ್ತವೆ, ಮುಚ್ಚಳ ತಿರುಗಿಸಿ ಕೈ ಹಾಕಿ ತೆಗೆಯಬಹುದು. ಪ್ಲೇನರ್ ಕಡೆಯ ತಿರುವಿಗೆ ಡೋರ್ ಇರುವುದನ್ನೇ ಹಾಕಿ.

ಗಾಳಿ ಸೋರುವುದು ಗೊತ್ತಾಗಲು ಊದಿನಕಡ್ಡಿ ಹಿಡಿದು ನೋಡಿದೆ, ಹೊಗೆ ಎಲ್ಲಿ ಒಳಗೆ ಎಳೆಯುತ್ತದೋ ಅಲ್ಲಿ ಟೇಪ್. ಆದರೆ ಮೊದಲು ಚೀಲ ಖಾಲಿ ಮಾಡಿ, ನೆಲ ಗುಡಿಸಿ, ಕಡ್ಡಿಯನ್ನು ದೂರದಿಂದಲೇ ಹಿಡಿಯಿರಿ, ಕಿಡಿ ಒಳಗೆ ಹೋಗಬಾರದು.

ಪಿವಿಸಿಯಲ್ಲಿ ಕರೆಂಟ್ ಹರಿಯುವುದಿಲ್ಲ, ಧೂಳು ಉಜ್ಜಿ ಹುಟ್ಟಿದ ಸ್ಥಿರ ವಿದ್ಯುತ್ ಪೈಪಿನ ಮೇಲೇ ಉಳಿಯುತ್ತದೆ, ಅದಕ್ಕೇ ಒಣ ಹವೆಯಲ್ಲಿ ಪೈಪ್ ಮುಟ್ಟಿದರೆ ಚುರ್ ಅನ್ನುತ್ತದೆ. ಮಳೆಗಾಲದಲ್ಲಿ ನನಗೆ ಒಮ್ಮೆಯೂ ಆಗಿಲ್ಲ. ಆದರೂ ಬೇಸಿಗೆಗೆ ಮೊದಲು ಪೈಪಿನ ಮೇಲೆ ಬರೀ ತಾಮ್ರದ ತಂತಿ ಸುತ್ತಿ ಅರ್ಥಿಂಗ್ ಕೊಡುವವನಿದ್ದೇನೆ.

ನೆಲದ ಮೇಲೆ ಮೊದಲಿನಂತೆ ಹೊಟ್ಟು ಬೀಳುತ್ತಿಲ್ಲ. ಅತಿ ಸಣ್ಣ ಧೂಳು ಬಟ್ಟೆ ಚೀಲದಿಂದ ಇನ್ನೂ ಹೊರಗೆ ಬರುತ್ತದೆ, ಹಾಗಾಗಿ ಎನ್95 ಮಾಸ್ಕ್ ಬಿಟ್ಟಿಲ್ಲ. ದೊಡ್ಡಪ್ಪ ಮೊನ್ನೆ ಶೆಡ್ಡಿಗೆ ಬಂದು ಮೆಷಿನ್ ಓಡುವಾಗಲೇ ಒಂದು ಗಂಟೆ ಕೂತಿದ್ದರು. ಸ್ಯಾಂಡರ್ ಕಡೆಗೆ ಗಾಳಿ ಮುಚ್ಚುವ ಗೇಟ್ ಮಾಡುವುದು ಬಾಕಿ ಇದೆ, ಆದ ಮೇಲೆ ಅದರ ಅಳತೆಯನ್ನೂ ಇಲ್ಲೇ ಬರೆಯುತ್ತೇನೆ.