ಹೊಲದಲ್ಲಿ ಸೇವಂತಿಗೆ, ದಾಖಲೆಯಲ್ಲಿ ನೀಲಗಿರಿ

ಕೋವಿಡ್ ಪರಿಹಾರಕ್ಕಾಗಿ ನಾನು ಪಟ್ಟ ಪಾಡನ್ನು ಬರೆಯುತ್ತಿರುವುದು, ನಾಳೆ ಬರಕ್ಕೋ ಅತಿವೃಷ್ಟಿಗೋ ಸರ್ಕಾರ ಪರಿಹಾರ ಘೋಷಿಸಿದಾಗ ಜಂಟಿ ಪಹಣಿಯ, ಅಂದರೆ ಹಲವರ ಜಮೀನಿಗೆ ಒಂದೇ ದಾಖಲೆ ಇರುವ, ಬೇರೆ ರೈತರು ನನ್ನಂತೆ ಸಿಕ್ಕಿಹಾಕಿಕೊಳ್ಳಬಾರದೆಂಬ ಕಾರಣಕ್ಕೆ.

ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಹಳ್ಳಿ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಆರಂಭವಾದಾಗ ನನ್ನ ಮೂವತ್ತು ಗುಂಟೆಯಲ್ಲಿ ಸೇವಂತಿಗೆ ಕೊಯ್ಲಿಗೆ ಬಂದಿತ್ತು. ದೇವಸ್ಥಾನಗಳು ಮುಚ್ಚಿ, ಮದುವೆಗಳು ನಿಂತು, ಹೂವು ಕೇಳುವವರೇ ಇಲ್ಲದಂತಾಯಿತು. ಬಿಡಿಸಿದ್ದನ್ನೆಲ್ಲ ತಿಪ್ಪೆಗೆ ಸುರಿದೆವು; ಕೊಳೆತ ಹೂವಿನ ವಾಸನೆ ಮನೆಯ ಪಡಸಾಲೆಯವರೆಗೂ ಬರುತ್ತಿತ್ತು. ಏಪ್ರಿಲ್‌ನಲ್ಲಿ ಬೇಸತ್ತು ರೋಟವೇಟರ್ ಹೊಡೆಸಿ ಗಿಡಗಳನ್ನೇ ಮಣ್ಣಿಗೆ ಸೇರಿಸಿಬಿಟ್ಟೆ. ನನ್ನ ಮೊದಲ ತಪ್ಪು ಅದೇ.

ಮೇ 6ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿ, ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿಯಂತೆ, ಗರಿಷ್ಠ ಒಂದು ಹೆಕ್ಟೇರಿನವರೆಗೆ ಪರಿಹಾರ ಎಂದರು. ನನ್ನ ಪಾಲಿಗೆ ಏಳೂವರೆ ಸಾವಿರ ಚಿಲ್ಲರೆ. ಸಸಿ, ಗೊಬ್ಬರದ ಖರ್ಚಿಗೂ ಸಾಲದಿದ್ದರೂ ಬಂದಷ್ಟು ಬರಲೆಂದು ಕಚೇರಿಗೆ ಹೋದರೆ, ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ತಾತನ ಹೆಸರಿನ ಜಮೀನು ಇನ್ನೂ ಪೋಡಿಯಾಗಿಲ್ಲದ, ಅಂದರೆ ಅಳತೆಯಾಗಿ ಪಾಲುಗಳಿಗೆ ಬೇರೆ ಬೇರೆ ನಂಬರು ಬಂದಿಲ್ಲದ ಕಾರಣ ನಮ್ಮ ಮೂರು ಮನೆಗಳಿಗೂ ಒಂದೇ ಸರ್ವೆ ನಂಬರು. ಬೆಳೆ ಸಮೀಕ್ಷೆಗೆ ಬಂದಿದ್ದ ಹುಡುಗ ರಸ್ತೆ ಬದಿಯಲ್ಲಿರುವ ದೊಡ್ಡಪ್ಪನ ನೀಲಗಿರಿ ತೋಪಿನ ಫೋಟೊ ತೆಗೆದುಕೊಂಡು, ಬದು ದಾಟದೆ ಹಾಗೆಯೇ ಹಿಂದಿರುಗಿದ್ದ. ದಾಖಲೆಯ ಪ್ರಕಾರ ನಾನು ನೀಲಗಿರಿ ಬೆಳೆಗಾರ!

ಆಕ್ಷೇಪಣೆ ಸಲ್ಲಿಸಿದ ಮೇಲೆ ಸ್ಥಳ ಪರಿಶೀಲನೆಗೆ ಬಂದವರಿಗೆ ತೋರಿಸಲು ಒಂದು ಗಿಡವೂ ಉಳಿದಿರಲಿಲ್ಲ. ಮಾರ್ಚ್ ಮೊದಲ ವಾರದ ಎರಡು ಮಂಡಿ ಚೀಟಿಗಳು, ಮಗಳು ಮೊಬೈಲಿನಲ್ಲಿ ತೆಗೆದಿದ್ದ ತಿಪ್ಪೆಯ ಫೋಟೊ, ಛಾಪಾ ಕಾಗದದ ಮೇಲೆ ದೊಡ್ಡಪ್ಪನವರ ಮತ್ತು ಚಿಕ್ಕಪ್ಪನ ಒಪ್ಪಿಗೆ, ಇಷ್ಟು ಸೇರಿದ ಮೇಲೆ ಅರ್ಜಿ ಮುಂದಕ್ಕೆ ಹೋಯಿತು. ಅದಕ್ಕೂ ಮೊದಲೇ, ಕಚೇರಿಯ ಹೊರಗೆ ನಿಂತಿದ್ದವನೊಬ್ಬ “ಅಣ್ಣ, ಸಾವಿರದೈನೂರು ಕೊಡಿ, ಹೆಸರು ಸೇರಿಸಿಸ್ತೀನಿ” ಎಂದಾಗ ಹಣದ ಜೊತೆಗೆ ಆಧಾರ್ ಮತ್ತು ಪಾಸ್‌ಬುಕ್ಕಿನ ನಕಲನ್ನೂ ಕೊಟ್ಟು ಮೋಸಹೋಗಿದ್ದೆ. ಅವನು ಮತ್ತೆ ಕಾಣಿಸಲಿಲ್ಲ. ಅದೇ ಅರ್ಜಿಯನ್ನು ಒಳಗೆ ಒಂದು ರೂಪಾಯಿಯೂ ಕೇಳದೆ ತೆಗೆದುಕೊಂಡರು.

ಅಕ್ಕಪಕ್ಕದವರಿಗೆ ಹಣ ಬಂದು ತಿಂಗಳಾದರೂ ನನ್ನ ಪಾಸ್‌ಬುಕ್ಕಿನಲ್ಲಿ ಏನೂ ಕಾಣಲಿಲ್ಲ. ಆಧಾರ್ ಮೂಲಕ ಬರುವ ಹಣ ನಾವು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಕೊನೆಯದಾಗಿ ಆಧಾರ್ ಜೋಡಣೆಯಾದ ಬ್ಯಾಂಕಿಗೆ ಹೋಗುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಗ್ಯಾಸ್ ಸಬ್ಸಿಡಿಗಾಗಿ ತೆರೆದು ಮರೆತಿದ್ದ ಖಾತೆಯಲ್ಲಿ ಅದು ಕುಳಿತಿತ್ತು.

ಆದ್ದರಿಂದ, ಬೆಳೆ ಹಾಳಾದರೆ ಪಂಚನಾಮೆ ಆಗುವವರೆಗೆ ಒಂದೆರಡು ಸಾಲನ್ನಾದರೂ ಉಳುಮೆ ಮಾಡದೆ ಬಿಡಿ, ಮಂಡಿ ಚೀಟಿಗಳನ್ನು ಎಸೆಯಬೇಡಿ. ನಿಮ್ಮ ಸರ್ವೆ ನಂಬರುಗಳೆಲ್ಲ ಫ್ರೂಟ್ಸ್ ಐಡಿಗೆ (ಸರ್ಕಾರದ ರೈತರ ನೋಂದಣಿ ಸಂಖ್ಯೆಗೆ) ಸೇರಿವೆಯೇ, ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ಪರಿಹಾರ ಘೋಷಣೆಯಾಗುವ ಮುನ್ನವೇ ವಿಚಾರಿಸಿಕೊಳ್ಳಿ. 2020ರ ಮುಂಗಾರಿನಿಂದ ರೈತರೇ ಆ್ಯಪ್‌ನಲ್ಲಿ ಬೆಳೆ ಸಮೀಕ್ಷೆ ಮಾಡಲು ಅವಕಾಶ ಬಂದಿದೆ. ನಾನಂತೂ ಈಗ ಸೇವಂತಿಗೆಯ ನಡುವೆ ನಿಂತೇ ಫೋಟೊ ತೆಗೆಯುತ್ತೇನೆ. 2021ರ ಮೇ ತಿಂಗಳಲ್ಲಿ ಹೂವಿಗೆ ಹೆಕ್ಟೇರಿಗೆ 10,000 ರೂಪಾಯಿ ಘೋಷಣೆಯಾದಾಗ ನನ್ನ ಮೂರು ಸಾವಿರ ತಾನಾಗಿಯೇ ಬಂತು. ಪೋಡಿಯ ಅರ್ಜಿ ಮಾತ್ರ ಇನ್ನೂ ಸರ್ವೆ ಕಚೇರಿಯಲ್ಲೇ ಇದೆ.